ತೊಳೆದ ಗಾಜು

ಅಮ್ಮನ ತಾಯಿಯ ಮುಖವನ್ನು ನಮ್ಮ ಮನೆಯವರಲ್ಲಿ ನೋಡಿದವನು ನಾನೊಬ್ಬನೇ. ಅದು ಹೇಗಿತ್ತೆಂದು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳುವುದಕ್ಕೆ ವರ್ಷಗಟ್ಟಲೆ ಸಮಯವಿತ್ತು. ಅಮ್ಮ ಬಾಯಿಬಿಟ್ಟು ಕೇಳಿಯೂ ಕೇಳಿದಳು. ಆದರೂ ಹೇಳಲಿಲ್ಲ.

ನಾನು ಚಾಮರಾಜಪೇಟೆಯಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನಡೆಸಿದವನು. ಅಂಗಡಿ ಅಪ್ಪನದು. ಏಳನೇ ಕ್ಲಾಸಿನಲ್ಲಿ ನಾನು ಮತ್ತೆ ಡುಮ್ಕಿ ಹೊಡೆದಾಗ ಅಪ್ಪ ಬೈಯಲಿಲ್ಲ, ಮಾರನೆಯ ದಿನ ಅಂಗಡಿಗೆ ಕರೆದುಕೊಂಡು ಹೋಗಿ ಗಾಜು ಕೊಯ್ಯುವುದನ್ನು ಹೇಳಿಕೊಟ್ಟರು. ಅಣ್ಣ ಓದಿದ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದ. ಮನೆ ಗವಿಪುರಂನ ಒಂದು ವಠಾರದಲ್ಲಿ, ಹೆಂಚಿನ ಮನೆ, ಮಳೆಗಾಲದಲ್ಲಿ ಅಡುಗೆಮನೆಯ ಪಾತ್ರೆಗಳೆಲ್ಲ ಸೋರುವ ಜಾಗಗಳ ಕೆಳಗೆ ಕೂರುತ್ತಿದ್ದವು.

ಅಣ್ಣನಿಗೆ ಹಳೇ ಕ್ಯಾಮೆರಾಗಳ ಹುಚ್ಚು. ಭಾನುವಾರ ಬಂತೆಂದರೆ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮುಚ್ಚುತ್ತಿರುವ ಸ್ಟುಡಿಯೋಗಳು, ಗುಜರಿ ಅಂಗಡಿಗಳು, ಕುಮಾರ ಪಾರ್ಕ್ ಕಡೆಯ ದೊಡ್ಡ ಮನೆಗಳು ಕೈ ಬದಲಾಗುವಾಗ ಹೊರಗೆ ಬರುವ ಸಾಮಾನು, ಎಲ್ಲ ಕಡೆ ಅವನ ಸೈಕಲ್ ಇರುತ್ತಿತ್ತು. ಮರದ ಕ್ಯಾಮೆರಾ, ಹಿತ್ತಾಳೆಯ ಲೆನ್ಸು, ಫೋಟೋಗ್ರಾಫರ್ ತಲೆಗೆ ಮುಸುಕು ಹಾಕಿಕೊಳ್ಳುತ್ತಿದ್ದ ಕಪ್ಪು ಬಟ್ಟೆ, ಏನು ಸಿಕ್ಕಿದರೂ ತರುತ್ತಿದ್ದ. ಒಮ್ಮೆ ಮಡಿಸುವ ಕ್ಯಾಮೆರಾ ಒಂದನ್ನು ಅಡುಗೆಮನೆಯ ಬಾಗಿಲಲ್ಲಿ ಹಿಡಿದು, ಅದರ ಚರ್ಮದ ಮಡಿಕೆಗಳನ್ನು ಎಳೆದು ಬಿಟ್ಟು ತೋರಿಸಿದ.

“ನೋಡಮ್ಮ, ಹಾರ್ಮೋನಿಯಂ ಥರ ಉಸಿರಾಡುತ್ತೆ.”

“ಉಸಿರಾಡ್ಲಿ. ಅನ್ನ ಕೇಳಲ್ವಲ್ಲ, ಅಷ್ಟೇ ಪುಣ್ಯ,” ಎಂದಳು ಅಮ್ಮ.

ಎಲ್ಲರೂ ಅದನ್ನು ಹುಚ್ಚು ಎಂದೇ ತಿಳಿದಿದ್ದರು. ಆದರೆ ಅವನು ಕ್ಯಾಮೆರಾಗಳಿಗಿಂತ ಹೆಚ್ಚಾಗಿ ಹುಡುಕುತ್ತಿದ್ದದ್ದು ಗಾಜಿನ ನೆಗೆಟಿವ್‌ಗಳನ್ನು. ಫಿಲ್ಮು ಬರುವ ಮುಂಚೆ ಚಿತ್ರ ಗಾಜಿನ ಮೇಲೆ ಮೂಡುತ್ತಿತ್ತು. ಗಿರಾಕಿಗೆ ಕಾಗದದ ಫೋಟೋ, ಸ್ಟುಡಿಯೋದವನ ಹತ್ತಿರ ಗಾಜು. ಕಾಗದ ಕಳೆದುಹೋದರೂ ಗಾಜು ಎಲ್ಲೋ ಇರುತ್ತದೆ ಎಂದು ಅಣ್ಣ ನಂಬಿದ್ದ. ಆ ನಂಬಿಕೆಗೆ ಕಾರಣ ಅಮ್ಮ.

ಅಮ್ಮ ತನ್ನ ತಾಯಿಯನ್ನು ಕಳೆದುಕೊಂಡಾಗ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲವಂತೆ. ದೊಡ್ಡಮ್ಮನ ಮನೆಯಲ್ಲಿ ಬೆಳೆದಳು. ತಾಯಿಯ ಫೋಟೋ ಒಂದೂ ಇರಲಿಲ್ಲ. ಆದರೆ ಮಲ್ಲೇಶ್ವರದ ಒಂದು ಸ್ಟುಡಿಯೋಗೆ ಹೋಗಿದ್ದು ನೆನಪಿದೆ ಎನ್ನುತ್ತಿದ್ದಳು. ನಾವು ಚಿಕ್ಕವರಿದ್ದಾಗ, ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ಅದೇ ಕತೆ.

“ಹಿಂದೆ ಹೂವಿನ ತೋಟದ ಪರದೆ. ಕುರ್ಚಿ ಕೈಗೆ ಸಿಂಹದ ಮುಖ. ಅದರ ಬಾಯೊಳಗೆ ನಾನು ಬೆರಳಿಟ್ಟಿದ್ದೆ. ಅಮ್ಮನ ತೊಡೆ ಗೊತ್ತು, ಕಿವಿ ಹತ್ರ ಬಳೆ ಸದ್ದಾಗಿದ್ದು ಗೊತ್ತು.”

“ಮುಖ ಹೇಗಿತ್ತಮ್ಮ?”

“ನಾನು ಮುಂದಕ್ಕೆ ತಿರುಗಿ ಕೂತಿದ್ದೆ ಕಣೋ. ಅವಳ ಮುಖ ನನ್ನ ಹಿಂದೆ ಇತ್ತು.”

ಗೌರಿ ಹಬ್ಬಕ್ಕೆ ವಠಾರದ ಹೆಂಗಸರಿಗೆಲ್ಲ ತವರಿನಿಂದ ಯಾರಾದರೂ ಬರುತ್ತಿದ್ದರು, ಸೀರೆಯೋ ಅರಿಶಿನ ಕುಂಕುಮವೋ ಬರುತ್ತಿತ್ತು. ಅಮ್ಮ ಗಾಂಧಿ ಬಜಾರಿನಿಂದ ತಾನೇ ಹೂವು ತಂದು, ತಾನೇ ಬಾಗಿನದ ಮೊರ ಸಿದ್ಧ ಮಾಡಿ, ಬಾಗಿಲ ಕಡೆ ಒಂದೆರಡು ಸಲ ನೋಡಿ ಒಳಗೆ ಹೋಗುತ್ತಿದ್ದಳು. ಯಾರು ಬರುತ್ತಾರೆಂದು ನೋಡುತ್ತಿದ್ದಳೋ ಗೊತ್ತಿಲ್ಲ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಪೇಟೆಗೆ ಕಲರ್ ಫೋಟೋ ಬಂದಿತ್ತು. ಹಳೇ ಸ್ಟುಡಿಯೋಗಳವರು ಗಾಜುಗಳನ್ನು ಹೊರಗೆ ಹಾಕಲು ಕಾಯುತ್ತಿದ್ದರು. ಒಂದು ಆಷಾಢದ ಭಾನುವಾರ ಅಣ್ಣ ಒಂದು ಕಬ್ಬಿಣದ ಟ್ರಂಕನ್ನು ಆಟೋದಲ್ಲಿ ಹಾಕಿಕೊಂಡು ನೇರ ಅಂಗಡಿಗೆ ಬಂದ. ಅವನ ಮುಖದಲ್ಲಿ ಏನೋ ಇತ್ತು. ನಾನು ಗಮನಿಸಿದೆ, ಕೇಳಲಿಲ್ಲ.

“ಮನೇಲಿ ಸೋರುತ್ತೆ. ನಿನ್ನ ಅಟ್ಟ ಬೆಚ್ಚಗಿದೆ, ಅಲ್ಲಿಡು. ಗೌರಿ ಹಬ್ಬದೊಳಗೆ ಒಣಗ್ಬೇಕು. ಕೈ ಹಾಕ್ಬೇಡ.”

“ನಿನ್ನ ಕಪ್ಪು ಗಾಜಿಗೆ ಯಾರು ಕೈ ಹಾಕ್ತಾರಣ್ಣ,” ಎಂದೆ ನಾನು.

ಅವನು ಕಚೇರಿಯ ಕೆಲಸದ ಮೇಲೆ ಕೆಲವು ವಾರ ಮೈಸೂರಿಗೆ ಹೋದ.

ಈಗ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಸ್ಟುಡಿಯೋಗಳ ಬೇಡದ ಗಾಜನ್ನು ಕಟ್ಟು ಹಾಕುವವರು ಕೊಳ್ಳುವುದು ಮೊದಲಿನಿಂದ ಇದ್ದದ್ದೇ. ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿದರೆ ಚಿತ್ರ ಬಿಟ್ಟುಕೊಳ್ಳುತ್ತದೆ. ಉಳಿದದ್ದನ್ನು ಬ್ಲೇಡಿನಿಂದ ಕೆರೆದರೆ ಒಳ್ಳೆಯ ಗಾಜು. ಅಪ್ಪ ಹೇಳುತ್ತಿದ್ದರು: “ಸ್ಟುಡಿಯೋ ಗಾಜಿನಲ್ಲಿ ಗುಳ್ಳೆ ಇರಲ್ಲ. ದೇವರ ಮುಖ ಸೊಟ್ಟ ಕಾಣಲ್ಲ.” ಚಿಕ್ಕ ಪಟಗಳಿಗೆ ಅದು ಹೇಳಿ ಮಾಡಿಸಿದ ಹಾಗಿರುತ್ತಿತ್ತು. ಎಷ್ಟೋ ಮದುಮಕ್ಕಳು, ಎಷ್ಟೋ ಪೇಟದ ಹಿರಿಯರು ನಮ್ಮ ಬಕೆಟ್ಟಿನಲ್ಲಿ ಕರಗಿ ಮೋರಿಗೆ ಹೋಗಿದ್ದಾರೆ. ಅಣ್ಣ ಅದನ್ನು ನೋಡಿದಾಗಲೆಲ್ಲ ಜಗಳವಾಡುತ್ತಿದ್ದ. ಅವನಿಗೆ ಸಂಬಳ ಬರುತ್ತದೆ, ಜಗಳವಾಡುತ್ತಾನೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ವಾರ ಅಂಗಡಿ ಮುಂದೆ ಕಾಲಿಡಲು ಜಾಗವಿಲ್ಲ. ಗಾಜಿನ ಮಂಡಿಯವನು ಇವತ್ತು ನಾಳೆ ಎನ್ನುತ್ತಿದ್ದ. ಮೊದಲು ಟ್ರಂಕಿನಿಂದ ಒಂದು ಗಾಜು ತೆಗೆದೆ, ಆಮೇಲೆ ಇನ್ನೊಂದು. ಅಷ್ಟೊಂದಿವೆ, ಅವನೇನು ಎಣಿಸುತ್ತಾನೆಯೇ ಎಂಬ ಧೈರ್ಯ. ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಲಕ್ಷ್ಮಿ ನಾಳೆ ಬರ್ತಾಳಪ್ಪ. ನೀನು ಶನಿವಾರ ಗಾಜು ಹಾಕಿ ಕೊಡ್ತೀಯಾ?”

“ಇಲ್ಲೇ ಕೂತ್ಕೊಳ್ಳಿ ತಾಯಿ, ಈಗ್ಲೇ ಹಾಕ್ಕೊಡ್ತೀನಿ.”

ಅವಳ ಪಟದ ಅಳತೆಗೆ ಸರಿಹೋಗುವ ಗಾಜು ಟ್ರಂಕಿನಲ್ಲಿ ಒಂದೇ ಇತ್ತು. ಅದನ್ನು ಅಣ್ಣ ಬೇರೆಯಾಗಿ, ಲೆನ್ಸು ಸುತ್ತಲು ಯಾವಾಗಲೂ ಜೊತೆಗೆ ಒಯ್ಯುತ್ತಿದ್ದ ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ. ಆ ಸೀರೆಯ ಅಂಚು ನನಗೆ ಗೊತ್ತಿತ್ತು. ಅಲ್ಲೇ ನಿಲ್ಲಬೇಕಿತ್ತು. ಬಿಚ್ಚಿದೆ. ಒಳಗೆ ಕಾಗದದ ಲಕೋಟೆ, ಮೇಲೆ ಇಂಗ್ಲಿಷಿನಲ್ಲಿ ಏನೋ ಹೆಸರು. ನನಗೆ ಓದಲು ಬರಲಿಲ್ಲ, ಬರುವವರನ್ನು ಕೇಳಲೂ ಇಲ್ಲ. ಗಾಜನ್ನು ಹೊರಗೆಳೆದು ಬಾಗಿಲ ಬೆಳಕಿಗೆ ಹಿಡಿದೆ.

ನೆಗೆಟಿವ್‌ನಲ್ಲಿ ಎಲ್ಲ ತಿರುವುಮುರುವು. ಕಪ್ಪು ಮುಖ, ಬಿಳೀ ಕೂದಲು. ಒಬ್ಬ ಹೆಂಗಸು ಕೂತಿದ್ದಳು, ತೊಡೆಯ ಮೇಲೆ ಒಂದು ಮಗು. ಮಗುವಿನ ತಲೆಯೂ ಬೆಳ್ಳಗೆ, ಮುದುಕಿಯ ಹಾಗೆ. ಕುರ್ಚಿಯ ಕೈಗೆ ಸಿಂಹದ ಮುಖವಿತ್ತು. ಮಗುವಿನ ಬೆರಳು ಅದರ ಬಾಯಲ್ಲಿತ್ತು.

ಆ ಕತೆ ಕೇಳಿಕೊಂಡೇ ಬೆಳೆದವನು ನಾನು. ಸಿಂಹ ಕಣ್ಣಿಗೆ ಬಿತ್ತು, ಬೆರಳು ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಮಗುವಿಗೂ ನರೆ ಬಂದಿದೆಯಲ್ಲ ಎಂದು ನಕ್ಕೆ. ಆ ಹೆಂಗಸಿಗೂ ತೋರಿಸಿದೆ, ಅವಳೂ ನಕ್ಕಳು. ಆಮೇಲೆ ಸೋಡಾ ನೀರಿಗೆ ಬಿಟ್ಟೆ.

ಬಹಳ ಹೊತ್ತು ಬೇಕಾಗಲಿಲ್ಲ. ಚಿತ್ರ ಹಾಲಿನ ಕೆನೆಯ ಹಾಗೆ ಅಂಚಿನಿಂದ ಎದ್ದು, ಇಡಿಯಾಗಿ ಗಾಜು ಬಿಟ್ಟು, ನೀರಿನ ಮೇಲೆ ಸ್ವಲ್ಪ ತೇಲಿತು. ನಾನು ಬೆರಳಿನಿಂದ ಪಕ್ಕಕ್ಕೆ ತಳ್ಳಿದಾಗ ಮುದುಡಿಕೊಂಡಿತು.

ಅಣ್ಣ ಭಾದ್ರಪದಕ್ಕೆ ಮುಂಚೆ ವಾಪಸ್ಸು ಬಂದ. ಮನೆಗೂ ಹೋಗದೆ ಅಂಗಡಿಗೆ ಬಂದು ಅಟ್ಟ ಹತ್ತಿದ. ಸೀರೆಯ ತುಂಡು ಹಿಡಿದುಕೊಂಡು ಇಳಿದ.

“ಇದ್ರಲ್ಲಿದ್ದ ಗಾಜೆಲ್ಲೋ?”

“ಯಾವ್ದು?”

“ಅಜ್ಜೀದು ಕಣೋ! ಲಕೋಟೆ ಮೇಲೆ ತಾತನ ಹೆಸರಿತ್ತು. ಕಾಗದ ಗಾಜಿಗೆ ಅಂಟ್ಕೊಂಡಿತ್ತು, ಹಸಿ ಇರೋವಾಗ ಎಳೆದ್ರೆ ಚಿತ್ರ ಕಿತ್ಕೊಂಡು ಬರುತ್ತೆ ಅಂತ ನಾನೇ ಬಿಚ್ಚಿ ನೋಡ್ಲಿಲ್ಲ. ಒಣಗ್ಲಿ ಅಂತಾನೇ ಇಲ್ಲಿಟ್ಟಿದ್ದು. ಗೌರಿ ಹಬ್ಬದ ದಿನ ಅಮ್ಮನ ಮುಂದೇನೇ ಪ್ರಿಂಟ್ ಹಾಕೋಣ ಅಂತಿದ್ದೆ.”

ನನ್ನ ಅಟ್ಟ ಅದನ್ನು ಚೆನ್ನಾಗಿಯೇ ಒಣಗಿಸಿತ್ತು. ಕಾಗದ ಎಷ್ಟು ಸಲೀಸಾಗಿ ಬಿಟ್ಟುಕೊಂಡಿತ್ತೆಂದರೆ ಅಂಟಿಕೊಂಡಿತ್ತು ಎನ್ನುವುದೇ ನನಗೆ ತಿಳಿದಿರಲಿಲ್ಲ.

ಬಾಯಿಗೆ ಬಂದದ್ದು ಸುಳ್ಳು. “ಟ್ರಂಕು ಸರಿಸೋವಾಗ ಮೇಲಿನವು ಬಿದ್ದು ಒಡೆದ್ವು ಅಣ್ಣ. ಗುಡಿಸಿ ಹಾಕ್ದೆ.”

“ಚೂರಾದ್ರೂ ಪರವಾಗಿಲ್ಲ, ಜೋಡಿಸ್ಬೋದು. ಎಲ್ಲಿ ಹಾಕ್ದೆ?”

ಬೀದಿಯ ಕೊನೆಯ ಕಸದ ತೊಟ್ಟಿ ತೋರಿಸಿದೆ. ಅಣ್ಣ ಕಚೇರಿಯ ಇಸ್ತ್ರಿ ಪ್ಯಾಂಟಿನಲ್ಲೇ ಅದರೊಳಗೆ ಬಗ್ಗಿದ. ಬಾಳೆಲೆ, ಕೊಳೆತ ಹೂವು, ತೆಂಗಿನ ಸಿಪ್ಪೆ ಎಲ್ಲ ಎಳೆದು ಹಾಕಿದ. ಹೋಗುವವರು ನಿಂತು ನೋಡುತ್ತಿದ್ದರು. ಪಕ್ಕದ ಇಸ್ತ್ರಿ ಅಂಗಡಿಯವನು, “ಏನ್ ಸಾರ್, ಚಿನ್ನ ಬಿತ್ತಾ?” ಎಂದ. ಅಣ್ಣ ತಲೆಯೆತ್ತದೆ, “ಹೂಂ,” ಎಂದ. ಬೇರೆ ಯಾವುದೋ ಸೀಸೆಯ ಚೂರು ತಾಗಿ ಅವನ ಬೆರಳು ಕೊಯ್ದುಕೊಂಡಿತು. ನಾನು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದೆ. ಸಾಕು ಬಾ ಎಂದು ಕೂಗಿದೆನೇ ಹೊರತು ನಿಜ ಹೇಳಲಿಲ್ಲ.

ಅಣ್ಣ ಅಮ್ಮನಿಗೆ ಹೇಳಿದ. ಸಿಕ್ಕಿತ್ತು, ಒಡೆದುಹೋಯಿತು ಎಂದ. ಒಡೆದವನು ಯಾರೆಂದು ಹೇಳಲಿಲ್ಲ, ಅದು ಅವನ ದೊಡ್ಡತನ. ಅಮ್ಮ ಅವನ ಬೆರಳಿಗೆ ಅರಿಶಿನ ಹಚ್ಚುತ್ತಾ, “ಇರ್ಲಿ ಬಿಡಪ್ಪ. ಗಾಜು ತಾನೆ,” ಎಂದಳು. ಅಡುಗೆಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಒಲೆಯ ಮೇಲೆ ಏನೂ ಇರಲಿಲ್ಲ.

ಆ ಗೌರಿ ಹಬ್ಬದ ದಿನ ನಾನು ಹೂವು ಕೊಡಲು ಒಳಗೆ ಹೋದಾಗ ಅಮ್ಮ ಒಬ್ಬಳೇ ಮೊರಕ್ಕೆ ಅರಿಶಿನ ಬಳಿಯುತ್ತಿದ್ದಳು.

“ಅಣ್ಣ ನೋಡಿರ್ಲಿಲ್ವಂತೆ. ನೀನು ನೋಡಿದ್ಯೇನೋ, ಒಡೆಯೋ ಮುಂಚೆ?”

ಯಾರೂ ಹೇಳದಿದ್ದರೂ ನಾನೇ ಒಡೆದದ್ದೆಂದು ಅವಳಿಗೆ ತಿಳಿದಿತ್ತು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹಸಿದವರು ಪಕ್ಕದ ಮನೆಯಲ್ಲಿ ಏನು ಅಡುಗೆ ಎಂದು ಕೇಳುವ ಹಾಗೆ ಕೇಳಿದಳು.

ನೋಡಿದ್ದೆ. ಸ್ಟುಡಿಯೋದಲ್ಲಿ ಕೂತವರೆಲ್ಲ ಕ್ಯಾಮೆರಾ ಕಡೆಗೇ ನೋಡುತ್ತಾರೆ, ಉಸಿರು ಬಿಗಿಹಿಡಿದು, ಕಣ್ಣರಳಿಸಿ. ನಾನು ತೊಳೆದ ಗಾಜುಗಳಲ್ಲಿ ಎಲ್ಲರೂ ಹಾಗೇ ಇದ್ದರು. ಅವಳೊಬ್ಬಳು ಹಾಗಿರಲಿಲ್ಲ. ಕತ್ತು ಬಗ್ಗಿಸಿ ಮಗುವನ್ನೇ ನೋಡುತ್ತಿದ್ದಳು, ಬಾಯಿ ಒಂದಿಷ್ಟು ತೆರೆದು, ಏನೋ ಹೇಳುತ್ತಿರುವ ಹಾಗೆ. ಸಿಂಹ ಕಚ್ಚುತ್ತೆ, ಕೈ ತೆಗಿ ಎನ್ನುತ್ತಿದ್ದಳೋ ಏನೋ. ಬಲಗೈ ಮಗುವಿನ ಹೊಟ್ಟೆಯ ಮೇಲಿತ್ತು. ಚಿತ್ರ ಕೆಟ್ಟಿತೆಂದು ತಾತ ಪ್ರಿಂಟು ಬೇಡವೆಂದಿರಬೇಕು.

ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಅವಳ ಮುಖ ನಿನ್ನ ಹಿಂದೆ ಇತ್ತು ನಿಜ, ಆದರೆ ನಿನ್ನನ್ನೇ ನೋಡುತ್ತಿತ್ತು ಎಂದು. ಆದರೆ ಮುಖದ ಮಾತು ಎತ್ತಿದರೆ ಬೆಳಕಿಗೆ ಹಿಡಿದದ್ದನ್ನು ಹೇಳಬೇಕು, ಅದನ್ನು ಹೇಳಿದರೆ ಬಕೆಟ್ಟಿನ ಮಾತೂ ಬರುತ್ತದೆ.

“ಇಲ್ಲಮ್ಮ,” ಎಂದೆ.

ಅಮ್ಮ ಮೊರದ ಕಡೆ ತಿರುಗಿದಳು. ಮತ್ತೆಂದೂ ಕೇಳಲಿಲ್ಲ.

ಅದಾದ ಮೇಲೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ದೇವರ ಗೂಡಿಗೆ ಹೋಗುತ್ತಿತ್ತು. ಚಿಕ್ಕ ಲಕ್ಷ್ಮಿ ಪಟ ಕಂಡರೆ ಹತ್ತಿರ ಹೋಗಿ ಗಾಜನ್ನು ಓರೆಯಾಗಿ ನೋಡುತ್ತಿದ್ದೆ. ಏನು ಕಾಣಬೇಕೆಂದಿದ್ದೆನೋ. ನಾನು ಚೆನ್ನಾಗಿ ತೊಳೆದಿದ್ದೆ, ಏನೂ ಉಳಿದಿರಲಾರದು. ಜನ ನನ್ನನ್ನು ದೈವಭಕ್ತ ಎಂದುಕೊಂಡರು. ಸ್ಟುಡಿಯೋ ಗಾಜು ಕೊಳ್ಳುವುದನ್ನು ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಅಂಗಡಿ ನನಗೆ ಬಿಟ್ಟು ಮನೆಯಲ್ಲೇ ಇರುತ್ತಿದ್ದ ಅಪ್ಪ ಏಕೆಂದು ಕೇಳಿದಾಗ ಮಾರುಕಟ್ಟೆಯಲ್ಲಿ ಸಿಗುತ್ತಿಲ್ಲ ಎಂದೆ. ಅಣ್ಣ ಮಾತ್ರ ಭಾನುವಾರಗಳನ್ನು ಬಿಡಲಿಲ್ಲ. ಅದೇ ಸ್ಟುಡಿಯೋದ ಬೇರೆ ಟ್ರಂಕುಗಳು ಎಲ್ಲಿ ಹೋದವೆಂದು ಕೇಳಿಕೊಂಡು ಅಲೆದ. ಒಂದು ಚಿತ್ರಕ್ಕೆ ಕೆಲವು ಸಲ ಎರಡು ಗಾಜು ತೆಗೆಯುತ್ತಿದ್ದರಂತೆ. ಆ ಎರಡನೆಯದು ಸಿಗಬಹುದು ಎನ್ನುತ್ತಿದ್ದ.

ಎಂಬತ್ತರ ದಶಕದ ನಡುವೆ ಅಮ್ಮ ಹೋದಳು. ಹೋಗುವಾಗ ಅವಳ ತಲೆ ಪೂರ್ತಿ ನರೆತಿತ್ತು. ಮುಖದ ಮೇಲಿನ ಬಟ್ಟೆ ಸರಿಸಿದಾಗ ನನಗೆ ಕಂಡದ್ದು ಆ ಗಾಜಿನ ಮಗು.

ವರ್ಷದ ಕಾರ್ಯ ಹತ್ತಿರ ಬಂದಾಗ ಅಣ್ಣ ಅಂಗಡಿಗೆ ಬಂದ. ಅಮ್ಮನ ಫೋಟೋಗೆ ನಾನು ಕಟ್ಟು ಹಾಕುತ್ತಿದ್ದೆ. ಅವನು ಚೀಲದಿಂದ ಇನ್ನೊಂದು ಫೋಟೋ ತೆಗೆದು ಹಲಗೆಯ ಮೇಲಿಟ್ಟ. ಕೈಯಾರೆ ಹಾಕಿದ ಹೊಸ ಪ್ರಿಂಟು. ಹಿಂದೆ ಹೂವಿನ ತೋಟದ ಪರದೆ. ಸಿಂಹದ ಕುರ್ಚಿ. ಅದರಲ್ಲಿ ಯಾರೋ ಒಬ್ಬ ಹೆಂಗಸು, ತೊಡೆಯ ಮೇಲೆ ಮಗು, ಇಬ್ಬರೂ ನೇರವಾಗಿ ನಮ್ಮನ್ನೇ ನೋಡುತ್ತಿದ್ದರು.

“ಅಜ್ಜಿ ಅಲ್ಲ, ಗೊತ್ತು,” ಎಂದ ಅಣ್ಣ. “ಬೇರೆ ಯಾರದೋ. ಆದ್ರೆ ಅದೇ ಸ್ಟುಡಿಯೋ, ಅದೇ ಕುರ್ಚಿ. ಇನ್ನು ಹುಡುಕಿ ಯಾರಿಗೆ ತೋರಿಸ್ಲಿ ಹೇಳು. ಇದನ್ನೇ ಅಮ್ಮನ ಪಕ್ಕ ಇಟ್ಬಿಡೋಣ. ಅಜ್ಜೀನೂ ಹೀಗೇ ಕೂತಿರ್ತಾರೆ.”

ನನ್ನ ಕೈ ಆ ಫೋಟೋದ ಅಂಚಿನ ಮೇಲಿತ್ತು. ಅಳತೆ ತೆಗೆದು ಗಾಜು ಕೊಯ್ಯುವುದಷ್ಟೇ ಬಾಕಿ. ಕೊಯ್ದುಬಿಟ್ಟಿದ್ದರೆ ಪರರ ತಾಯಿ ನಮ್ಮ ಅಮ್ಮನ ಪಕ್ಕ ಕೂರುತ್ತಿದ್ದಳು, ಹಬ್ಬ ಹಬ್ಬಕ್ಕೂ ಅವಳಿಗೇ ಹೂವು ಏರುತ್ತಿತ್ತು.

“ಹೀಗಲ್ಲ ಅಣ್ಣ,” ಎಂದೆ.

“ಏನು ಹೀಗಲ್ಲ?”

“ಅಜ್ಜಿ ಹೀಗೆ ನೋಡ್ತಿರ್ಲಿಲ್ಲ. ಮಗೂನೇ ನೋಡ್ತಿದ್ರು. ಬಲಗೈ ಇಲ್ಲಿತ್ತು, ಹೊಟ್ಟೆ ಮೇಲೆ. ಅಮ್ಮನ ಬೆರಳು ಸಿಂಹದ ಬಾಯಲ್ಲೇ ಇತ್ತು.”

ಅಣ್ಣ ನನ್ನನ್ನು ನೋಡಿದ. ಬೀದಿಯಲ್ಲಿ ಯಾವುದೋ ಆಟೋ ಹಾರ್ನ್ ಹೊಡೆಯುತ್ತಾ ಹೋಯಿತು. ಅವನು ಫೋಟೋವನ್ನು ತನ್ನ ಕಡೆಗೆ ಎಳೆದುಕೊಂಡ.

“ಚೂರಾದ ಗಾಜಲ್ಲಿ ಇಷ್ಟೆಲ್ಲ ಕಾಣ್ತೇನೋ?”

“ಚೂರಾಗ್ಲಿಲ್ಲ ಅಣ್ಣ. ನಾನು ತೊಳೆದ್ಬಿಟ್ಟೆ. ಲಕ್ಷ್ಮಿ ಪಟಕ್ಕೆ ಹಾಕಿ ಮಾರ್ಬಿಟ್ಟೆ. ನೀನು ಕಸದ ತೊಟ್ಟೀಲಿ ಹುಡುಕ್ತಿದ್ರೆ ನಿಂತ್ಕೊಂಡು ನೋಡ್ದೆ. ಅಮ್ಮ ಕೇಳಿದ್ಲು, ಅವಳಿಗೂ ಹೇಳ್ಲಿಲ್ಲ. ತಪ್ಪಾಯ್ತಣ್ಣ. ನನ್ನಿಂದ ತಪ್ಪಾಗೋಯ್ತು.”