ತಮ್ಮನನ್ನು ಸ್ಕ್ಯಾನ್ ಮಾಡಿದ ಅಕ್ಕ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಗುಳ್ಳೆ ಅಕ್ಕ ಎನ್ನುತ್ತಿದ್ದರು. ಸ್ಕ್ಯಾನಿಂಗ್ ಕೋಣೆಗೆ ಹೆದರಿಕೊಂಡು ಬಂದವರಿಗೆ ಅವಳು ಹೇಳುತ್ತಿದ್ದುದು ಒಂದೇ ಮಾತು: "ನರಕ್ಕೆ ಸ್ವಲ್ಪ ಗುಳ್ಳೆ ನೀರು ಹಾಕ್ತೀನಿ. ರಕ್ತ ಹೋದ ಕಡೆಯೆಲ್ಲ ಗುಳ್ಳೆನೂ ಹೋಗಿ ಪರದೆ ಮೇಲೆ ಹೊಳೆಯುತ್ತೆ. ಆಮೇಲೆ ಉಸಿರಲ್ಲೇ ಹೊರಟುಹೋಗುತ್ತೆ." ಕ್ಯಾನ್ಸರ್ ಗಡ್ಡೆ ತನ್ನ ಹೊಟ್ಟೆ ಹೊರೆಯಲು ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡಿದ್ದರೆ ಆ ಜಾಗವೇ ಮೊದಲು ಬೆಳಗುತ್ತದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಅಂಥವಳ ತಮ್ಮನಿಗೇ ಲಿವರಿನಲ್ಲಿ ಗಡ್ಡೆಯಾಯಿತು. ತಾಯಿ ಹೋದ ಮೇಲೆ ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಬಸ್ ಡ್ರೈವರ್, ಬಾಯಿ ಬಿಟ್ಟರೆ ತಮಾಷೆ. ಆಪರೇಷನ್ ಮಾಡುವ ಹಾಗಿರಲಿಲ್ಲ. ಗಡ್ಡೆಯ ರಕ್ತನಾಳಗಳನ್ನು ಬತ್ತಿಸುವ ಮಾತ್ರೆ ಕೊಟ್ಟರು. ಅದರ ಕಾವಿಗೆ ಅವನ ಅಂಗೈ ಸುಲಿದು, ಸ್ಟೀರಿಂಗ್ ಮುಟ್ಟಲೂ ಆಗದಂತಾಯಿತು. ಮಾತ್ರೆ ಹತ್ತಿದೆಯೇ ಎಂದು ನೋಡುವ ದಿನ ಡಾಕ್ಟರು, "ಬೇರೆಯವರು ಮಾಡ್ಲಿ ಬಿಡಮ್ಮಾ" ಎಂದರು. ಅವಳು ಕೇಳಲಿಲ್ಲ.

"ಜನ ಸೋಡಾ ಕುಡೀತಾರೆ, ನೀನು ಸೀದಾ ನರಕ್ಕೇ ಹಾಕ್ತೀಯಲ್ಲಕ್ಕಾ," ಎಂದ ತಮ್ಮ ಮಲಗಿಕೊಂಡೇ.

ಅವಳು ನಗಲಿಲ್ಲ. ಕತ್ತಲಾಗಿರಲಿ, ಅದೊಂದು ಜಾಗ ಕತ್ತಲಾಗಿರಲಿ ಎಂದು ಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿಯುತ್ತ ಪರದೆ ನೋಡಿದಳು. ಗಡ್ಡೆ ಎಲ್ಲಕ್ಕಿಂತ ಮೊದಲು ಝಗ್ಗೆಂದು ಹೊತ್ತಿಕೊಂಡಿತು. ಪಕ್ಕದಲ್ಲಿ ಹೊಸದೊಂದು ಮರಿಗಡ್ಡೆಯೂ ಬೆಳಗಿತು.

"ನೀನು ಉಸಿರು ಸರಿಯಾಗಿ ಹಿಡೀಲಿಲ್ಲ. ಇನ್ನೊಂದು ಸಲ ಹಾಕ್ತೀನಿ."

ಅವನು ಸರಿಯಾಗಿಯೇ ಹಿಡಿದಿದ್ದ. ಮತ್ತೆ ಅದೇ ಬೆಳಕು. ಇನ್ನೊಮ್ಮೆ ಸಿರಿಂಜಿಗೆ ಕೈ ಚಾಚಿದಾಗ ಡಾಕ್ಟರು ಅವಳ ಮಣಿಕಟ್ಟು ಹಿಡಿದರು. "ಸಾಕಮ್ಮಾ. ನಂಗೂ ಕಾಣ್ತು."

ತಮ್ಮ ಇಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ಈ ಮಾತ್ರೆ ನಿಲ್ಲಿಸ್ಬಹುದಲ್ವಾ? ಕೈ ಉರಿಯಾದ್ರೂ ತಪ್ಪುತ್ತೆ," ಎಂದ.

ಅವಳು ಡಾಕ್ಟರ ಹಿಂದೆ ಓಡಿ, ಬೇರೆ ಮಾತ್ರೆ ಕೊಡಿ ಎಂದು ಕಾರಿಡಾರಿನಲ್ಲೇ ಅಂಗಲಾಚಿದಳು. ಅವರು ಕೊಟ್ಟರು, ಅದೂ ಹತ್ತಲಿಲ್ಲ. ತಮ್ಮನ ಅಂಗೈ ಮಾಯುವಷ್ಟರಲ್ಲಿ ಕಾಲು ಬಾತವು, ಕಣ್ಣು ಅರಿಶಿನವಾಯಿತು. ಒಂದು ಬೆಳಿಗ್ಗೆ ಅವಳು ಚಮಚದಿಂದ ನೀರು ಕುಡಿಸುತ್ತಿದ್ದಾಗ ನುಂಗುವುದನ್ನು ನಿಲ್ಲಿಸಿದ.

ಈಗ ಅವಳು ಕೈಕಾಲು ಮುರಿದುಕೊಂಡು ಬಂದವರ ಎಕ್ಸ್‌ರೇ ತೆಗೆಯುತ್ತಾಳೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಜನ ಸಾಲದೆ ಹೇಳಿಕಳಿಸಿದರೂ ಹೋಗುವುದಿಲ್ಲ.