ಮೈಕಣ್ಣ ಕಾಯ್ದ ಮೌನ

ಹೋದ ವರ್ಷ, ಅಣುಬಾಂಬಿಗೆ ಬಲಿಯಾದವರನ್ನು ನೆನೆಯುವ ಸಭೆಗೆ ನಾನೇ ನಿರೂಪಕ. ‘ಈಗ ಒಂದು ನಿಮಿಷ ಮೌನ’ ಎಂದು ಗಂಭೀರವಾಗಿ ಸಾರಿ, ಇನ್ನಷ್ಟು ಗಂಭೀರನಾಗಿ ಕಾಣಲೆಂದು ಮೈಕು ಹಿಡಿದೇ ಎರಡು ಹೆಜ್ಜೆ ಮುಂದೆ ಬಂದು ಸ್ಪೀಕರ್ ಪೆಟ್ಟಿಗೆಯ ಎದುರು ನಿಂತೆ. ಅದು ಕುಂಯ್ಯೋ ಎಂದು ಕಿರುಚಿದ ರಭಸಕ್ಕೆ ಕಿಟಕಿಯ ಗಾಜು ಅದುರಿತು. ಮೊದಲ ಸಾಲಿನ ಅಜ್ಜಿ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು, ಕುರ್ಚಿಯಿಂದ ಜಾರಿ ನೆಲದ ಮೇಲೆ ಮುದುಡಿದರು. ಬಾಂಬು ಬಿದ್ದ ಊರಿನಲ್ಲಿ ಏಳು ವರ್ಷದ ಹುಡುಗಿಯಾಗಿದ್ದು, ಬದುಕಿ ಉಳಿದು, ಮದುವೆಯಾಗಿ ನಮ್ಮಲ್ಲಿಗೆ ಬಂದವರು ಅವರು.

ಎಲ್ಲರೂ ತಿರುಗಿ ಮೈಕಿನವನನ್ನು ನೋಡಿದರು. ನಾನೂ ಅವನನ್ನೇ ನೋಡಿದೆ. ನನ್ನ ಬುದ್ಧಿಯೇ ಅಂಥದ್ದು.

ಅವನಿಗೆ ಊರಿಟ್ಟ ಹೆಸರು ಮೈಕಣ್ಣ. ಇಪ್ಪತ್ತಾರು ವರ್ಷದಿಂದ ಮದುವೆ, ಚುನಾವಣೆ, ಶ್ರದ್ಧಾಂಜಲಿ ಎಲ್ಲಕ್ಕೂ ಊರಿನ ಗಂಟಲು ಅವನ ಕೈಯಲ್ಲಿ. ಅವನ ಸ್ವಂತ ಗಂಟಲು ಮಾತ್ರ ‘ಹಲೋ, ಹಲೋ, ಒಂದು, ಎರಡು’ ದಾಟಿದ್ದಿಲ್ಲ. “ಮನೇಲೂ ಅಷ್ಟೇ, ಮೂರು ಅನ್ನಲ್ಲ” ಎಂದು ಅವನ ಹೆಂಡತಿ ಗೊಣಗುತ್ತಾಳೆ.

ಈ ಸಲ ಅಜ್ಜಿ ಬಾರದಿದ್ದರೆ ಎಂಬ ಚಿಂತೆ ಸಮಿತಿಗೆ. ಬಂದರೆ ಎಂಬ ಚಿಂತೆ ಮೈಕಣ್ಣನಿಗೆ. ವಾರಕ್ಕೆ ಮುಂಚೆಯೇ ವೈರುಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬೆಸುಗೆ ಹಾಕಿದ. ಸಭೆಯ ಬೆಳಿಗ್ಗೆ ನನ್ನ ಕಾಲ ಮುಂದೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

“ಇದನ್ನ ದಾಟಬೇಡಿ ಸಾರ್.”

“ದಾಟಿದ್ರೆ?”

“ಮೈಕ್ ಬರಲ್ಲ. ಕಟ್ಟಿಹಾಕಿದೀನಿ.”

ನೋಡಿದರೆ ಮೈಕಿಗೂ ಸ್ಟ್ಯಾಂಡಿಗೂ ಸೇರಿಸಿ ಟೇಪು ಸುತ್ತಿದ್ದ.

“ಹೋದ ವರ್ಷದ್ದು ನನ್ನದೇ ತಪ್ಪು ಕಣಪ್ಪಾ” ಎಂದೆ, ಒಂದು ವರ್ಷ ತಡವಾಗಿ.

“ಗೊತ್ತು.”

ಅಜ್ಜಿ ಬಂದರು. ಅದೇ ಸಾಲು, ಅದೇ ಕುರ್ಚಿ. ಅವರ ಸೊಸೆ ನೇರವಾಗಿ ಮೈಕಣ್ಣನ ಬಳಿಗೆ ಹೋದಳು.

“ಅಣ್ಣಾ, ಈ ಸಲ ಏನೂ ಆಗಲ್ಲ ತಾನೇ? ಆವತ್ತಿಂದ ಒಂದು ತಿಂಗಳು ಅತ್ತೆ ಮಂಚದ ಕೆಳಗೇ ಮಲಗಿದ್ರು. ಬೇಡ ಅಂದ್ರೂ ಕೇಳದೆ ಬಂದಿದಾರೆ.”

ಮೈಕಣ್ಣ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬಗ್ಗಿ ವೈರನ್ನು ಇನ್ನೊಮ್ಮೆ ಎಳೆದು ನೋಡಿದ.

ನಾನು ಗೆರೆಯ ಹಿಂದೆಯೇ ನಿಂತು ಮೌನ ಸಾರಿದೆ. ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಎದ್ದು ನಿಂತರು. ಮೈಕಣ್ಣ ಸ್ವಿಚ್ಚನ್ನು ನಂಬಲಿಲ್ಲ. ಗೋಡೆಯಿಂದ ಪ್ಲಗ್ಗನ್ನೇ ಕಿತ್ತು ಎದೆಗೆ ಅವುಚಿಕೊಂಡ.

ಒಂದು ನಿಮಿಷ ಮುಗಿಯಿತು. ಅವನತ್ತ ನೋಡಿದೆ. ಅವನು ನನ್ನತ್ತ ನೋಡಲಿಲ್ಲ. ಎರಡಾಯಿತು. ಯಾರದೋ ಹೊಟ್ಟೆ ಗುರ್ರೆಂದಿತು, ನನ್ನದೇ. ಮೂರನೆಯ ನಿಮಿಷಕ್ಕೆ ಅಧ್ಯಕ್ಷರು ವಾಲಿ ಕುರ್ಚಿಯ ಬೆನ್ನು ಹಿಡಿದುಕೊಂಡರು. ಬಾಯಿಬಿಟ್ಟು ಮೌನ ಮುಗಿಸುವ ಧೈರ್ಯ ನನಗಿರಲಿಲ್ಲ. ಮೈಕಣ್ಣನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ನಾಲ್ಕು ದಾಟಿದ ಮೇಲೆ ಬಗ್ಗಿ ಪ್ಲಗ್ ಸಿಕ್ಕಿಸಿದ. ಪೆಟ್ಟಿಗೆ ಟಪ್ಪೆಂದಿತು. ಅಜ್ಜಿ ಅತ್ತ ನೋಡಿದರು, ಕೂತೇ ಇದ್ದರು.

ಸಭೆ ಮುಗಿದದ್ದೇ ತಡ, ಕಾರ್ಯದರ್ಶಿ ಮೇಡಂ ಅವನನ್ನು ಹಿಡಿದುಕೊಂಡರು.

“ಏನ್ರೀ ಮೈಕಣ್ಣಾ, ಅಧ್ಯಕ್ಷರು ಬಿದ್ದೇಹೋಗ್ತಿದ್ರು! ಒಂದು ನಿಮಿಷ ಅಂದ್ರೆ ನಾಲ್ಕು ನಿಮಿಷ ಯಾಕ್ರೀ ಮಾಡಿದ್ರಿ?”

ವೈರು ಸುತ್ತುತ್ತಲೇ ಅವನು ಹೇಳಿದ: “ಪ್ಲಗ್ ಹಾಕಿದ್ರೆ ಟಪ್ ಅನ್ನುತ್ತೆ ಮೇಡಂ. ಅಜ್ಜಿ ಕಣ್ಣು ಮುಚ್ಕೊಂಡಿದ್ರು.”