ನಾ ಊದಿದ ಮೇಣಬತ್ತಿ

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬ. ಕೇಕಿನ ಮ್ಯಾಲಿನ ಮೇಣಬತ್ತಿ ಊದಿದ್ಳು, ಹುಡುಗರೆಲ್ಲ ಚಪ್ಪಾಳಿ ಹೊಡದ್ರು. ಆ ಬತ್ತಿ ಸುಟ್ಟ ವಾಸನಿ ಮೂಗಿಗೆ ಬಡೀತು ನೋಡ್ರಿ... ನಾ ಎದ್ದು ಹಿತ್ತಲಿಗೆ ಹೋದೆ.

ಹುನಗುಂದದಾಗ ನಮ್ಮ ಬಾಜೂಕ ಒಬ್ಬ ನರ್ಸಬಾಯಿ ಇದ್ರು. ನಮ್ಮ ಓಣ್ಯಾಗ ಅವರದೊಂದ ಕ್ಯಾಥೊಲಿಕ್ ಮನಿ. ಬಾಯಿ ಮತ್ತ ಅವರ ಮುದುಕಿ ತಾಯಿ, ಇಬ್ಬರ. ನಾವು ಪ್ರೊಟೆಸ್ಟೆಂಟರು, ನಮ್ಮಪ್ಪ ಚರ್ಚಿನ ಸಭಾದ ಹಿರ್ಯಾ. ಕ್ರಿಸ್‌ಮಸ್‌ಗೆ ಅವರ ಮನಿ ಕರಚೀಕಾಯಿ ನಮ್ಮನಿಗೆ ಬರ್ತಿದ್ವು. ಆದ್ರ ಅವರ ಗೋಡಿ ಮ್ಯಾಲಿನ ಯೇಸುವಿನ ತಾಯಿ ಮರಿಯಮ್ಮನ ಪಟ ಕಂಡ್ರ ನನಗ ಮೈ ಉರೀತಿತ್ತು. ಇಪ್ಪತ್ತೆರಡು ವಯಸ್ಸು, ಸಂಡೇ ಸ್ಕೂಲಿನ ಟೀಚರ್ ಬ್ಯಾರೆ... ಬೈಬಲ್ ನಾನ ಬರದಂಗ ಮಾತಾಡ್ತಿದ್ದೆ.

ಎಪ್ಪತ್ತರ ದಶಕದ ಒಂದು ಬ್ಯಾಸಿಗಿ, ಮುದುಕಿ ತೀರಿಕೊಂಡ್ಳು. ಅವರ ಚರ್ಚಿನ ಫಾದರ್ ದೂರದಿಂದ ಬರಬೇಕು, ಬಸ್ಸಿಲ್ಲ. ಆ ಬಿಸಲಾಗ ಹೆಣ ಎಷ್ಟೊತ್ತು ಇಡೂದು? ಕ್ರೈಸ್ತರಿಗೆ ಇದ್ದ ಸ್ಮಶಾನ ಒಂದ, ಅದೂ ನಮ್ಮ ಸಭಾದ್ದು.

"ಮಣ್ಣು ಕೊಡೋಣು ತಂಗಿ," ಅಂದ ಅಪ್ಪ. "ಆದ್ರ ಮೇಣಬತ್ತಿ ಹಚ್ಚೂದು, ಸತ್ತವರ ಸಲುವಾಗಿ ಪ್ರಾರ್ಥನಿ ಮಾಡೂದು ನಮ್ಮಲ್ಲಿಲ್ಲ."

"ಅವ್ವಗ ಮಾತು ಕೊಟ್ಟೇನ್ರಿ ಹಿರ್ಯಾರ," ಅಂದ್ರು ಬಾಯಿ. ಅಷ್ಟ.

ಮಣ್ಣು ಮುಚ್ಚಿದ ಮ್ಯಾಲ ಬಾಯಿ ಸೆರಗಿನಾಗಿಂದ ಮೇಣಬತ್ತಿ ತಗದು, ಉಳಿದಿದ್ದೊಂದು ಕಡ್ಡಿ ಗೀರಿ ಹಚ್ಚಿಬಿಟ್ರು. ಮಂದಿ ಒಬ್ಬರ ಮಾರಿ ಒಬ್ಬರು ನೋಡಿದ್ರು. ನಾ ಮುಂದ ಹೋಗಿ, ಬಗ್ಗಿ, ಉಫ್ ಅಂತ ಊದಿಬಿಟ್ಟೆ! ಯಾರು ಹೇಳಿದ್ರು ನನಗ? ಬಾಯಿ ಬೈಲಿಲ್ಲ, ಅಳಲಿಲ್ಲ. ನನ್ನ ನೋಡಿದ್ರು...

ಅಪ್ಪ ಗಡಿಬಿಡಿಲೇ ಕರ್ತನ ಪ್ರಾರ್ಥನಿ ಸುರು ಮಾಡಿದ. ಯೇಸು ಕಲಿಸಿದ ಆ ಪ್ರಾರ್ಥನಿ ನಮಗೂ ಕ್ಯಾಥೊಲಿಕರಿಗೂ ಒಂದ. ಆದ್ರ ದೇವರ ಮಹಿಮಿ ಕೊಂಡಾಡೋ ಕಡೀ ಸಾಲು ನಾವು ಅಂತೀವಿ, ಅವರು ಅದರ ಮುಂಚೇನ ಮುಗಸ್ತಾರ. ಬಾಯಿ ಅಲ್ಲಿಗೆ ನಿಂತ್ರು. ಅಪ್ಪನೂ ನಿಂತ! ಜಲಮಾಪೂರ್ತಿ ಅಂದ ಸಾಲು ಅವತ್ತು ನುಂಗಿಕೊಂಡ. ಜುಬ್ಬಾದ ಕಿಸೆದಾಗ ಕೈ ಹಾಕಿ ಕಡ್ಡಿಪೆಟ್ಟಿಗಿ ತಗದ. ಅದರ ಜೋಡಿ ಒಂದು ಬೀಡಿನೂ ಕೆಳಗ ಬಿತ್ತು. ಬೀಡಿ ಸೇದೂದು ಪಾಪ ಅಂತ ಸಭಾಕ್ಕೆಲ್ಲ ಬುದ್ಧಿ ಹೇಳೋ ಹಿರ್ಯಾ! ಮಾರಿ ಕೆಂಪಾತು, ಆದ್ರೂ ತಾನ ಮೇಣಬತ್ತಿ ಹಚ್ಚಿದ.

"ಅವ್ವಗ ಕೊಟ್ಟ ಮಾತು ಮುಗಸು ತಂಗಿ," ಅಂದ.

ಮನಿಗೆ ಬಂದು ನಾ ಜಗಳಾ ತಗದೆ: "ಹಂಗಾದ್ರ ನಮ್ಮ ಬೋಧನಿ ಸುಳ್ಳೇನಪ್ಪಾ?"

"ಸುಳ್ಳಲ್ಲ. ಸತ್ತವರ ಸಲುವಾಗಿ ನಾ ಈಗೂ ಪ್ರಾರ್ಥನಿ ಮಾಡಂಗಿಲ್ಲ. ನೀ ಹೋಗಿ ತಪ್ಪಾತು ಅಂತ ಹೇಳಿ ಬಾ."

ಹೋಗಲಿಲ್ಲ. ನನ್ನ ಸೊಕ್ಕು ನೋಡ್ರಿ! ಮುಂದ ನನ್ನ ಚೊಚ್ಚಲ ಹೆರಿಗಿ ಮಾಡಿಸಿದವರೂ ಅವರ. "ಹೆದರಬ್ಯಾಡ ನನ್ನವ್ವಾ, ನಾ ಅದೇನಿ," ಅಂತ ರಾತ್ರಿಪೂರ್ತಿ ಕೈ ಹಿಡದು ಕುಂತಿದ್ರು. ಆಗೂ ಹೇಳಲಿಲ್ಲ. ಆಮ್ಯಾಲ ಅವರಿಗೆ ಬದಾಮಿಗೆ ವರ್ಗಾ ಆತು, ಅಲ್ಲೇ ತೀರಿಕೊಂಡ್ರಂತ. ಸುದ್ದಿ ನನಗ ಮುಟ್ಟಿದ್ದು ಮಣ್ಣಾಗಿ ತಿಂಗಳಾದ ಮ್ಯಾಲ...

ಹಿತ್ತಲಿಗೆ ಮೊಮ್ಮಗಳು ಓಡಿ ಬಂದ್ಳು. ಒಂದು ಮೇಣಬತ್ತಿ ಆರಿಲ್ಲಂತ. "ಆಯಿ, ನೀ ಊದ ಬಾ."

ಹೋದೆ, ಬಗ್ಗಿದೆ. ನನ್ನ ಕೈಲೆ ಆಗಲಿಲ್ಲ.

"ಉರೀಲಿ ಬಿಡವಾ," ಅಂದೆ. ಅದು ಪೂರಾ ಕರಗೂತನಕ ಮುಂದ ಕುಂತೆ. ತಪ್ಪಾತು ಅಂತ ಹೇಳಬೇಕಂದ್ರ ಈಗ ಆ ಬಾಯಿ ಇಲ್ಲ.